ಕೀಟಗಳೂ ಸಸ್ಯಗಳೂ ನೀರನ್ನು ಕಾಯುವ ಬಗೆ

ಅಡಿಗೆಮನೆಯಲ್ಲಿ ಬಹುದಿನಗಳಿಂದ ಮುಚ್ಚಿಟ್ಟ ಅಕ್ಕಿಯ ಡಬ್ಬಿಯನ್ನು ತೆರೆದಾಗ ಒಳಗೆ ಕರಿಯ ನುಸಿಗಳು ಹರಿದಾಡುತ್ತಿರುವುದನ್ನು ನೀವೆಲ್ಲರೂ ಕಂಡಿರುವಿರಿ. ತಾಯಿಯು ಅಕ್ಕಿಯನ್ನು ಮೊರದಲ್ಲಿ ಕೇರಿ ಬಿಸಿಲಿಗೆ ಹರವುತ್ತಾಳೆ. ನುಸಿಗಳು ದಿಕ್ಕಾಪಾಲಾಗಿ ಓಡುತ್ತವೆ. ಅಲ್ಲಿಗೆ ನಾವು ಆ ವಿಷಯವನ್ನು ಮರೆಯುತ್ತೇವೆ. ಆದರೆ ಕ್ಷಣಕಾಲ ನಿಂತು ಯೋಚಿಸಿದರೆ ಇದೊಂದು ಅಚ್ಚರಿಯ ಸಂಗತಿಯೆಂದು ತಿಳಿಯುವುದು. ಆ ಡಬ್ಬಿಯೊಳಗೆ ಒಂದು ತೊಟ್ಟು ನೀರೂ ಇರಲಿಲ್ಲ. ಆದರೂ ನುಸಿಯು ಅಲ್ಲಿಯೇ ಹುಟ್ಟಿತು, ಅಲ್ಲಿಯೇ ಬೆಳೆಯಿತು, ಅಲ್ಲಿಯೇ ಮೊಟ್ಟೆಯಿಟ್ಟಿತು. ಮನುಷ್ಯನಾದರೋ ನೀರಿಲ್ಲದೆ ಕೆಲವೇ ದಿನಗಳಲ್ಲಿ ಪ್ರಾಣ ಬಿಡುವನು. ಹಾಗಾದರೆ ಈ ಅಲ್ಪಜೀವಿಗೆ ನೀರು ಎಲ್ಲಿಂದ ಬಂದಿತು? ಬಂದ ನೀರನ್ನು ಅದು ಹೇಗೆ ಕಾಪಾಡಿಕೊಂಡಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೊರಟರೆ ಹಿತ್ತಿಲಿನ ಗಿಡ, ಹೊಲದ ಜೋಳ, ಸಮುದ್ರದಂಚಿನ ಕಾಂಡ್ಲಾ ಮರ ಇವೆಲ್ಲವೂ ಅದೇ ವಿದ್ಯೆಯನ್ನು ಬೇರೆ ಬೇರೆ ಬಗೆಯಲ್ಲಿ ಕಲಿತಿರುವುದು ಕಾಣುತ್ತದೆ.

ಮೊದಲು ಕೀಟಕ್ಕಿರುವ ಅಪಾಯವು ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರವುಳ್ಳ ಒಂದು ಘನವಿದೆಯೆಂದು ತಿಳಿಯಿರಿ. ಅದಕ್ಕೆ ಆರು ಮುಖಗಳು; ಆದುದರಿಂದ ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ಮಿಲಿಮೀಟರ್ ಅಳತೆಯ ಸಣ್ಣ ಘನಗಳಾಗಿ ಕತ್ತರಿಸಿದರೆ 1,000 ತುಂಡುಗಳಾಗುವುವು. ಪ್ರತಿಯೊಂದರ ಮೇಲ್ಮೈ 6 ಚದರ ಮಿಲಿಮೀಟರ್. ಒಟ್ಟು 6,000 ಚದರ ಮಿಲಿಮೀಟರ್, ಎಂದರೆ 60 ಚದರ ಸೆಂಟಿಮೀಟರ್. ವಸ್ತು ಅಷ್ಟೇ ಇದ್ದರೂ ಅದರ ಮೇಲ್ಮೈ ಹತ್ತುಪಟ್ಟಾಯಿತು. ನೀರು ಆವಿಯಾಗಿ ಹೋಗುವುದು ಮೇಲ್ಮೈಯಿಂದಲೇ. ಹಿಂಡಿದ ಬಟ್ಟೆಯನ್ನು ಮುದ್ದೆಯಾಗಿಟ್ಟರೆ ಒಣಗದು, ಹರವಿದರೆ ಬೇಗನೆ ಒಣಗುವುದು; ಇದೂ ಅದೇ ನಿಯಮ. ಪ್ರಾಣಿಯು ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಅದರ ಮೈ ಹೆಚ್ಚು ಹರವಿಕೊಂಡಂತೆ. ಆನೆಗಿಲ್ಲದ ಒಣಗುವ ಭಯ ಇರುವೆಗೆ ಉಂಟು.

ಈ ಭಯದಿಂದ ಕೀಟವನ್ನು ಕಾಯುವ ಮೊದಲನೆಯ ರಕ್ಷೆಯು ಅದರ ಮೈಮೇಲಿನ ಮೇಣದ ಲೇಪ. ಕೀಟದ ಕವಚವು ಗಟ್ಟಿಯಾಗಿರುವುದರಿಂದ ನೀರು ಹೊರಗೆ ಹೋಗಲಾರದೆಂದು ನಾವು ತಿಳಿಯುವುದು ಸಹಜ. ವಾಸ್ತವವಾಗಿ ನೀರನ್ನು ತಡೆಯುವುದು ಕವಚದ ಗಟ್ಟಿತನವಲ್ಲ, ಅದರ ಹೊರಮೈಯ ಮೇಲಿರುವ, ಕಣ್ಣಿಗೆ ಕಾಣದಷ್ಟು ತೆಳುವಾದ ಮೇಣದ ಪದರ. ಇದನ್ನು ಇಂಗ್ಲೆಂಡಿನ ಕೀಟವಿಜ್ಞಾನಿ ವಿನ್ಸೆಂಟ್ ವಿಗಲ್ಸ್‌ವರ್ತ್ ಎಂಬುವರು 1945ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿಕೊಟ್ಟರು. ಅವರು ಒರಟಾದ ನುಣ್ಣನೆಯ ಧೂಳನ್ನು ಚೆಲ್ಲಿದ ಕಾಗದದ ಮೇಲೆ ಒಂದು ಜಾತಿಯ ತಿಗಣೆಗಳನ್ನು ಓಡಾಡಲು ಬಿಟ್ಟರು. ಧೂಳಿಗೆ ಹೊಟ್ಟೆಯನ್ನು ಉಜ್ಜಿಕೊಂಡು ನಡೆದ ತಿಗಣೆಗಳ ಮೇಣವು ಗೀರಿಹೋಯಿತು. ಒಣಗಾಳಿಯಲ್ಲಿ ಅವು ಬೇಗನೆ ಒಣಗಿ ಸತ್ತವು. ಗೀರಿದ ತಿಗಣೆಗಳನ್ನು ತೇವಭರಿತ ಗಾಳಿಯಲ್ಲಿ ಇಟ್ಟಾಗ ಅವು ಸಾಯದೆ, ಹೊಸ ಮೇಣವನ್ನು ಸ್ರವಿಸಿ ತಮ್ಮ ಲೇಪವನ್ನು ಸರಿಪಡಿಸಿಕೊಂಡವು. ಆ ಧೂಳಿನಲ್ಲಿ ವಿಷವೇನೂ ಇರಲಿಲ್ಲ. ಮೇಣದಲ್ಲಿ ಬಿದ್ದ ಗೀರುಗಳೇ ಮೃತ್ಯುವಿಗೆ ಬಾಗಿಲಾದವು.

ಇಲ್ಲಿ ನಮ್ಮ ಹಳ್ಳಿಗಳ ಒಂದು ಹಳೆಯ ರೂಢಿಯನ್ನು ನೆನೆಯಬೇಕು. ಬಿತ್ತನೆಗೆಂದು ಇಡುವ ಹೆಸರು, ಅಲಸಂದೆ, ತೊಗರಿಯ ಕಾಳುಗಳಿಗೆ ಒಲೆಯ ಬೂದಿಯನ್ನೋ ಕೆಮ್ಮಣ್ಣನ್ನೋ ಕಲಸಿ ಗಡಿಗೆಯಲ್ಲಿ ತುಂಬಿಡುವುದನ್ನು ನಿಮ್ಮ ಅಜ್ಜಿಯಂದಿರು ಬಲ್ಲರು. ಬೂದಿಯು ಕಾಳುಗಳ ನಡುವಣ ಸಂದುಗಳನ್ನು ತುಂಬಿ ಹುಳುವಿನ ಓಡಾಟಕ್ಕೆ ಅಡ್ಡಿಯಾಗುತ್ತದೆ. ಮೇಲಾಗಿ ಅದರ ಒರಟು ಕಣಗಳು ಹುಳುವಿನ ಮೇಣವನ್ನು ಕೆರೆದು ಅದನ್ನು ಒಣಗಿಸುತ್ತವೆ. ಓದು ಬರಹ ತಿಳಿಯದ ಮುದುಕಿಯೊಬ್ಬಳು ಕಾರಣವನ್ನು ಹೇಳಲಾರಳು. ಆದರೆ ಕಾರ್ಯವನ್ನು ಸರಿಯಾಗಿಯೇ ಮಾಡುತ್ತಿದ್ದಳು. ಅವಳ ಕೈಕೆಲಸಕ್ಕೆ ಕಾರಣವನ್ನು ತಿಳಿದು ಹೇಳುವುದು ಶಾಲೆಗೆ ಬಂದ ನಿಮ್ಮ ಪಾಲಿನ ಕೆಲಸ.

ಮೈಗೆ ಮೇಣ ಬಳಿದರೆ ಸಾಲದು. ಕೀಟವು ಉಸಿರಾಡಬೇಕು, ಉಸಿರಿನೊಡನೆ ತೇವವೂ ಹೊರಹೋಗುತ್ತದೆ. ಚಳಿಗಾಲದ ಮುಂಜಾನೆ ನಿಮ್ಮ ಉಸಿರನ್ನು ಕನ್ನಡಿಯ ಮೇಲೆ ಬಿಟ್ಟರೆ ಕನ್ನಡಿ ಮಸುಕಾಗುವುದಲ್ಲವೇ? ಕೀಟಕ್ಕೆ ನಮ್ಮಂತೆ ಮೂಗು ಪುಪ್ಪುಸಗಳಿಲ್ಲ. ಅದರ ಎರಡೂ ಪಕ್ಕೆಗಳಲ್ಲಿ ಶ್ವಾಸರಂಧ್ರಗಳೆಂಬ ಸಣ್ಣ ತೂತುಗಳ ಸಾಲುಂಟು. ಜಿರಲೆಗೆ ಇಂಥವು ಹತ್ತು ಜೊತೆ. ಬಹುಪಾಲು ಕೀಟಗಳು ಈ ತೂತುಗಳಿಗೆ ಕದಗಳನ್ನು ಇಟ್ಟುಕೊಂಡಿವೆ. ಗಾಳಿ ಬೇಕಾದಾಗ ತೆರೆಯುತ್ತವೆ, ಬೇಡವಾದಾಗ ಮುಚ್ಚುತ್ತವೆ. ಗಾಳಿಗೆ ಸ್ವಲ್ಪ ಹೆಚ್ಚಾಗಿ ಇಂಗಾಲಾಮ್ಲ ವಾಯುವನ್ನು ಬೆರೆಸಿದರೆ ಈ ಕದಗಳು ಮುಚ್ಚದೆ ತೆರೆದೇ ಉಳಿಯುತ್ತವೆ. ಆಗ ಕೀಟದಿಂದ ಹೊರಹೋಗುವ ನೀರು ಹಲವು ಪಟ್ಟು ಹೆಚ್ಚುತ್ತದೆಂದು ಪ್ರಯೋಗಗಳಿಂದ ಸಿದ್ಧವಾಗಿದೆ. ಕದಗಳು ಎಷ್ಟು ನೀರನ್ನು ಉಳಿಸುತ್ತವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯ ಉಳಿತಾಯವು ಮಲಮೂತ್ರಗಳಲ್ಲಿ. ನಮ್ಮ ದೇಹದ ಸಾರಜನಕದ ಕಲ್ಮಷವು ಯೂರಿಯಾ ಎಂಬ ರೂಪದಲ್ಲಿ ನೀರಿನಲ್ಲಿ ಕರಗಿ ಮೂತ್ರವಾಗಿ ಹೊರಹೋಗುತ್ತದೆ. ಅದನ್ನು ಕರಗಿಸಲು ನೀರು ಬೇಕೇ ಬೇಕು. ನೆಲದ ಮೇಲೆ ವಾಸಿಸುವ ಬಹುಪಾಲು ಕೀಟಗಳು ಅದೇ ಕಲ್ಮಷವನ್ನು ಯೂರಿಕಾಮ್ಲವನ್ನಾಗಿ ಮಾಡುತ್ತವೆ. ಯೂರಿಕಾಮ್ಲವು ನೀರಿನಲ್ಲಿ ಕರಗುವುದು ಅತ್ಯಲ್ಪ. ಆದುದರಿಂದ ಅದನ್ನು ಹೆಚ್ಚುಕಡಮೆ ಒಣ ಪುಡಿಯಾಗಿಯೇ ಹೊರಹಾಕಬಹುದು. ಹೊರಹಾಕುವ ಮುನ್ನ ಕರುಳಿನ ಕೊನೆಯ ಭಾಗವು ಅದರಲ್ಲಿ ಉಳಿದ ತೇವವನ್ನೂ ಹೀರಿ ದೇಹಕ್ಕೆ ಮರಳಿಸುತ್ತದೆ. ಹಲ್ಲಿಗಳೂ ಹಕ್ಕಿಗಳೂ ಇದೇ ಉಪಾಯವನ್ನು ಬಲ್ಲವು. ಗೋಡೆಯ ಮೇಲಿನ ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿಯ ಚುಕ್ಕೆಯೊಂದನ್ನು ನೀವು ನೋಡಿರಬಹುದು. ಆ ಬಿಳುಪೇ ಯೂರಿಕಾಮ್ಲ.

ಇನ್ನು ನುಸಿಗೆ ನೀರು ಬರುವುದೆಲ್ಲಿಂದ? ಒಣಗಿದಂತೆ ಕಾಣುವ ಅಕ್ಕಿಯಲ್ಲಿಯೂ ನೂರಕ್ಕೆ ಸುಮಾರು 12 ಪಾಲು ನೀರಿರುತ್ತದೆ. ಇದು ಒಂದು ಮೂಲ. ಎರಡನೆಯದು ಇನ್ನೂ ವಿಚಿತ್ರವಾದುದು. ಆಹಾರವು ದೇಹದಲ್ಲಿ ಉರಿದಾಗ ಅದರೊಳಗಿನ ಜಲಜನಕವು ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. 100 ಗ್ರಾಂ ಪಿಷ್ಟವು ಪೂರ್ತಿಯಾಗಿ ಉರಿದರೆ ಸುಮಾರು 55 ಗ್ರಾಂ ನೀರು ಹುಟ್ಟುತ್ತದೆ. 100 ಗ್ರಾಂ ಕೊಬ್ಬು ಉರಿದರೆ ಹುಟ್ಟುವ ನೀರು 100 ಗ್ರಾಮಿಗೂ ಹೆಚ್ಚು. ನಮ್ಮ ದೇಹದಲ್ಲಿಯೂ ಈ ನೀರು ಹುಟ್ಟುತ್ತದೆ. ಆದರೆ ನಮ್ಮ ಖರ್ಚು ಬಹಳ. ಆದುದರಿಂದ ಅದು ಸಾಲದು. ನುಸಿಯ ಖರ್ಚು ಬಹು ಕಡಮೆಯಾದುದರಿಂದ ಇಷ್ಟರಲ್ಲಿಯೇ ಅದರ ಸಂಸಾರ ಸಾಗುತ್ತದೆ. ಆದರೂ ಇದಕ್ಕೆ ಒಂದು ಮಿತಿಯುಂಟು. ಧಾನ್ಯವು ತೀರ ಒಣಗಿದರೆ ನುಸಿಯ ಸಂತಾನವು ಬೆಳೆಯದು. ಮಳೆಗಾಲದ ತೇವಗಾಳಿಯಲ್ಲಿ ಮುಂಬಯಿಯ ಮನೆಗಳ ಅಕ್ಕಿಗೆ ಬೇಗನೆ ಹುಳು ಹಿಡಿಯುವುದಕ್ಕೂ, ತಾಯಿಯು ಅಕ್ಕಿಯನ್ನು ಬಿಸಿಲಿಗೆ ಹಾಕುವುದಕ್ಕೂ ಇದೇ ಕಾರಣ.

ಕೆಲವು ಕೀಟಗಳು ಉಳಿತಾಯದ ಜೊತೆಗೆ ಸಂಪಾದನೆಯನ್ನೂ ಬಲ್ಲವು. ಆಫ್ರಿಕದ ನೈಋತ್ಯ ಕರಾವಳಿಯ ನಮೀಬ್ ಮರುಭೂಮಿಯಲ್ಲಿ ಮಳೆಯೆಂಬುದು ಅಪರೂಪ. ಆದರೆ ಸಮುದ್ರದ ಕಡೆಯಿಂದ ಆಗಾಗ್ಗೆ ದಟ್ಟವಾದ ಮಂಜು ಬೀಸುತ್ತದೆ. ಅಲ್ಲಿಯ ಒಂದು ಜಾತಿಯ ಕರಿಯ ದುಂಬಿಯು ಮಂಜು ಕವಿದ ಹೊತ್ತಿನಲ್ಲಿ ಮರಳಗುಡ್ಡದ ನೆತ್ತಿಗೆ ಏರಿ, ಗಾಳಿಗೆ ಎದುರಾಗಿ, ತಲೆಯನ್ನು ಕೆಳಗೂ ಹಿಂಭಾಗವನ್ನು ಮೇಲಕ್ಕೂ ಮಾಡಿ ನಿಲ್ಲುತ್ತದೆ. ಮಂಜು ಬೆನ್ನಿನ ಮೇಲೆ ಹನಿಗಟ್ಟಿ, ಹನಿಯು ಜಾರಿ ಬಾಯಿಗೆ ಇಳಿಯುತ್ತದೆ. ಈ ಸಂಗತಿಯನ್ನು 1976ರಲ್ಲಿ ಹ್ಯಾಮಿಲ್ಟನ್ ಮತ್ತು ಸೀಲಿ ಎಂಬ ವಿಜ್ಞಾನಿಗಳು ಲೋಕಕ್ಕೆ ತಿಳಿಸಿದರು.

ಇನ್ನು ಸಸ್ಯಗಳ ಕಡೆಗೆ ಬರೋಣ. ಕೀಟವು ಬಿಸಿಲೇರಿದಾಗ ಕಲ್ಲಿನ ಕೆಳಗೆ ಅಡಗಬಹುದು; ಬಾಯಾರಿದಾಗ ಬೇರೆ ಕಡೆಗೆ ಹೋಗಬಹುದು. ಗಿಡವು ಹುಟ್ಟಿದಲ್ಲಿಯೇ ನಿಲ್ಲಬೇಕು. ಇಷ್ಟೇ ಅಲ್ಲ, ಅದರ ಸಂಕಟ ಇನ್ನೂ ಆಳವಾದುದು. ಎಲೆಯ ಮೈಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೂ ಸಾವಿರಾರು ಪತ್ರರಂಧ್ರಗಳುಂಟು. ಗಿಡವು ಇವುಗಳ ಮೂಲಕ ಇಂಗಾಲಾಮ್ಲ ವಾಯುವನ್ನು ಒಳಗೆ ಕೊಂಡು, ಬೆಳಕಿನ ನೆರವಿನಿಂದ ಆಹಾರವನ್ನು ತಯಾರಿಸುತ್ತದೆ. ಗಾಳಿಯ 10,000 ಪಾಲಿನಲ್ಲಿ ಈ ವಾಯು ಇರುವುದು 4 ಪಾಲಿಗಿಂತ ತುಸು ಹೆಚ್ಚು ಮಾತ್ರ. ಇಷ್ಟು ವಿರಳವಾದುದನ್ನು ಪಡೆಯಲು ಬಾಗಿಲು ತೆರೆದಿರಬೇಕು. ತೆರೆದ ಬಾಗಿಲಿನಿಂದ ಎಲೆಯೊಳಗಿನ ತೇವವು ಸತತವಾಗಿ ಹೊರಗೆ ಹಾರಿಹೋಗುತ್ತದೆ. ಬೇರುಗಳು ಹೀರಿದ ನೀರಿನಲ್ಲಿ ನೂರಕ್ಕೆ 95 ಪಾಲಿಗೂ ಹೆಚ್ಚು ಹೀಗೆ ಬಾಷ್ಪವಾಗಿ ಹೋಗುವುದು. ಬಾಗಿಲು ತೆರೆದರೆ ಬಾಯಾರಿಕೆ, ಮುಚ್ಚಿದರೆ ಹಸಿವು. ಸಸ್ಯಗಳು ಮಾಡಿಕೊಂಡಿರುವ ಎಲ್ಲ ಏರ್ಪಾಡುಗಳೂ ಈ ಒಂದು ಇಕ್ಕಟ್ಟಿನಿಂದ ಪಾರಾಗುವುದಕ್ಕಾಗಿ.

ನಮ್ಮ ಮುಂಬಯಿಯಲ್ಲಿ ವರ್ಷಕ್ಕೆ ಸುಮಾರು 2,200 ಮಿಲಿಮೀಟರ್ ಮಳೆ ಬೀಳುತ್ತದೆ. ಇಲ್ಲಿಯ ಗಿಡಗಳಿಗೆ ಬಾಯಾರಿಕೆ ಎಲ್ಲಿಯದು ಎಂದು ನೀವು ಕೇಳಬಹುದು. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಉಳಿದ ಎಂಟು ತಿಂಗಳು ಬಹುಮಟ್ಟಿಗೆ ಬರಿಯ ಬಿಸಿಲು. ಬೋರಿವಲಿಯ ಕಾಡಿನ ತೇಗದ ಮರಗಳು ಬೇಸಗೆಯಲ್ಲಿ ಎಲೆಗಳನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುವುದನ್ನು ನೋಡಿ ಅವು ಸತ್ತವೆಂದು ಭಾವಿಸಬೇಡಿರಿ. ನೀರನ್ನು ಖರ್ಚುಮಾಡುವ ಅಂಗಡಿಯನ್ನೇ ಅವು ಮಳೆ ಬರುವವರೆಗೆ ಮುಚ್ಚಿವೆ, ಅಷ್ಟೇ.

ದೇವರ ಪೂಜೆಗೆ ಹೂ ಕೊಡುವ ಕಣಗಿಲೆಯು ಎಲೆಯನ್ನು ಉದುರಿಸದು. ಅದರ ಉಪಾಯ ಬೇರೆ. ಅದರ ಎಲೆ ದಪ್ಪ, ಮೇಲ್ಮೈ ಮೇಣದಿಂದ ನುಣುಪು. ಪತ್ರರಂಧ್ರಗಳು ಎಲೆಯ ಕೆಳಮೈಯಲ್ಲಿ, ಅದೂ ಸಣ್ಣ ಸಣ್ಣ ಗುಳಿಗಳ ಒಳಗೆ ಅಡಗಿವೆ. ಗುಳಿಗಳ ತುಂಬ ನವಿರಾದ ಕೂದಲುಗಳು. ಬೀಸುವ ಗಾಳಿಯು ಅಲ್ಲಿಯ ತೇವವನ್ನು ಸುಲಭವಾಗಿ ಕೊಂಡೊಯ್ಯಲಾರದು.

ಕಳ್ಳಿಯನ್ನು ನೋಡಿರಿ. ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿಯಲ್ಲಿ ನಾವು ಎಲೆಯೆಂದು ತಿಳಿಯುವ ಹಸಿರು ಹಲಗೆಯು ನಿಜವಾಗಿ ಕಾಂಡ; ಎಲೆಗಳು ಮುಳ್ಳುಗಳಾಗಿ ಮಾರ್ಪಟ್ಟಿವೆ. ಎಲೆಯಿಲ್ಲದುದರಿಂದ ಮೇಲ್ಮೈ ಕಡಮೆ, ನೀರಿನ ಖರ್ಚೂ ಕಡಮೆ. ಕಾಂಡವೇ ಹಸಿರಾಗಿ ಆಹಾರವನ್ನು ಮಾಡುತ್ತದೆ, ನೀರನ್ನೂ ಕೂಡಿಡುತ್ತದೆ. ನಮ್ಮ ಹೊಲಗಳ ಬೇಲಿಯಲ್ಲಿರುವ ಹಾಲುಗಳ್ಳಿಯೂ ನೋಟಕ್ಕೆ ಅದರಂತೆಯೇ ಇದೆ. ಆದರೆ ಇವೆರಡೂ ಬೇರೆ ಬೇರೆ ಕುಲದವು. ಗೀರಿದರೆ ಒಂದರಲ್ಲಿ ಹಾಲು ಬರುವುದು, ಇನ್ನೊಂದರಲ್ಲಿ ಬಾರದು. (ಆ ಹಾಲು ಕಣ್ಣಿಗೆ ಬಹಳ ಅಪಾಯಕರ; ಪರೀಕ್ಷೆಗಾಗಿಯೂ ಮುಟ್ಟಬೇಡಿರಿ.) ದೂರದೂರದ ಎರಡು ಖಂಡಗಳಲ್ಲಿ, ಎರಡು ಕುಲಗಳು, ಒಂದೇ ಕಷ್ಟಕ್ಕೆ ಒಂದೇ ಬಗೆಯ ಪರಿಹಾರವನ್ನು ಪಡೆದುವು.

ಕಳ್ಳಿಯಂಥ ಗಿಡಗಳ ಅತಿ ದೊಡ್ಡ ಗುಟ್ಟು ಹೊರಗೆ ಕಾಣುವಂಥದಲ್ಲ. ಅದರ ಸುಳಿವು ದೊರೆತುದು ನಮ್ಮ ದೇಶದಲ್ಲಿ ಬೆಳೆಯುವ ಒಂದು ಗಿಡದಿಂದಲೇ. ಬೆಂಜಮಿನ್ ಹೈನ್ ಎಂಬ ಜರ್ಮನಿಯ ಸಸ್ಯಜ್ಞನು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದನು. ಟಿಪ್ಪುವಿನ ಪತನದ ತರುವಾಯ ಕೆಲಕಾಲ ಬೆಂಗಳೂರಿನ ಲಾಲ್‌ಬಾಗ್ ತೋಟದ ಹೊಣೆಯೂ ಅವನಿಗೆ ಬಂದಿತ್ತು. ಕಾಡುಬಸಳೆಯನ್ನು ನೀವು ಬಲ್ಲಿರಿ. ಅದರ ಎಲೆಯನ್ನು ಪುಸ್ತಕದಲ್ಲಿಟ್ಟರೆ ಅಂಚಿನಿಂದ ಮರಿಗಿಡಗಳು ಹುಟ್ಟುವುವು. ಆ ಎಲೆಯು ಮುಂಜಾನೆ ಬಹಳ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂಬುದನ್ನು ಹೈನನು ರುಚಿ ನೋಡಿ ಕಂಡುಕೊಂಡು ಒಂದು ಪತ್ರದಲ್ಲಿ ಬರೆದನು. ಅದು 1815ರಲ್ಲಿ ಲಂಡನಿನಲ್ಲಿ ಅಚ್ಚಾಯಿತು. ಕಾರಣವು ಪೂರ್ಣವಾಗಿ ತಿಳಿಯಲು ಮುಂದೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಕಾರಣವಿಷ್ಟೇ: ಈ ಗಿಡವು ಬಿಸಿಲಿನಲ್ಲಿ ಬಾಗಿಲನ್ನು ತೆರೆಯುವುದಿಲ್ಲ. ತಂಪಾದ ರಾತ್ರಿಯಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲಾಮ್ಲ ವಾಯುವನ್ನು ಒಳಗೆ ಕೊಂಡು ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ; ಬೆಳಗಿನ ಹುಳಿ ಅದರದೇ. ಹಗಲಿನಲ್ಲಿ ಬಾಗಿಲನ್ನು ಮುಚ್ಚಿಕೊಂಡು, ಕೂಡಿಟ್ಟ ವಾಯುವನ್ನೇ ಬಳಸಿ ಬೆಳಕಿನಲ್ಲಿ ಆಹಾರವನ್ನು ಮಾಡುತ್ತದೆ. ಆಗ ಹುಳಿಯು ಕರಗುತ್ತದೆ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು ಹಂಡೆ ತುಂಬಿಸಿಕೊಂಡು ದಿನವೆಲ್ಲ ಬಳಸುವ ಮನೆಯಂತೆ ಇದರ ಸಂಸಾರ.

ನೀರಿನ ನಡುವೆಯೇ ನಿಂತು ಬಾಯಾರುವ ಮರಗಳೂ ಉಂಟು. ಮಾಹೀಮ್ ಮತ್ತು ಠಾಣೆಯ ಖಾರಿಗಳ ಕೆಸರಿನಲ್ಲಿ ಬೆಳೆದಿರುವ ಕಾಂಡ್ಲಾ ಮರಗಳನ್ನು ರೈಲಿನ ಕಿಟಕಿಯಿಂದಲೂ ಕಾಣಬಹುದು. ಮರಾಠಿಯಲ್ಲಿ ಇವುಗಳಲ್ಲಿ ಹೆಚ್ಚಾಗಿರುವ ಜಾತಿಗೆ ‘ತಿವರ’ ಎನ್ನುತ್ತಾರೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿದೆ. ಅಂಥ ನೀರು ಬೇರಿನ ಬುಡದಲ್ಲಿದ್ದರೂ ಸಾಮಾನ್ಯ ಗಿಡಕ್ಕೆ ಇಲ್ಲದಂತೆಯೇ. ತಿವರದ ಬೇರುಗಳು ಉಪ್ಪಿನ ಬಹುಪಾಲನ್ನು ಹೊರಗೆಯೇ ತಡೆದು ನೀರನ್ನು ಸೆಳೆಯುತ್ತವೆ. ಒಳಗೆ ನುಸುಳಿದ ಉಪ್ಪನ್ನು ಎಲೆಯ ಮೇಲಿನ ಗ್ರಂಥಿಗಳು ಹೊರಹಾಕುತ್ತವೆ. ಬಿಸಿಲಿನ ದಿನ ಅದರ ಎಲೆಯ ಮೇಲೆ ಉಪ್ಪಿನ ಹರಳುಗಳನ್ನು ಬರಿಗಣ್ಣಿನಿಂದಲೇ ಕಾಣಬಹುದು. ಇಷ್ಟು ಕಷ್ಟದಿಂದ ಗಳಿಸಿದ ನೀರನ್ನು ಕಾಯಲು ಅದರ ಎಲೆಗೂ ದಪ್ಪ ಚರ್ಮವುಂಟು.

ಈ ಏರ್ಪಾಡುಗಳನ್ನೆಲ್ಲ ಓದಿದಾಗ ಗಿಡವೂ ಹುಳುವೂ ಬುದ್ಧಿವಂತಿಕೆಯಿಂದ ಯೋಚಿಸಿ ಹೀಗೆ ಮಾಡಿಕೊಂಡವೆಂದು ತೋರಬಹುದು. ನಾನೂ ಮೇಲೆ ‘ಉಪಾಯ’, ‘ಗುಟ್ಟು’ ಎಂಬ ಮಾತುಗಳನ್ನು ಬಳಸಿದ್ದೇನೆ. ಅವು ಮಾತಿನ ಅನುಕೂಲಕ್ಕೆ ಮಾತ್ರ. ಒಂದೇ ಜಾತಿಯ ಸಾವಿರ ಗಿಡಗಳಲ್ಲಿ ಒಂದರಂತೆ ಒಂದಿರುವುದಿಲ್ಲ. ಒಂದರ ಮೇಣ ತುಸು ದಪ್ಪ, ಇನ್ನೊಂದರ ಬೇರು ತುಸು ಉದ್ದ. ಬರಗಾಲದಲ್ಲಿ ಹಲವು ಒಣಗಿ ಸಾಯುತ್ತವೆ. ಉಳಿದವು ಬೀಜವನ್ನು ಬಿಡುತ್ತವೆ. ಆ ಬೀಜಗಳಲ್ಲಿ ತಾಯಿಯ ಗುಣಗಳು ಇಳಿದುಬರುತ್ತವೆ. ಹೀಗೆ ಲಕ್ಷಾಂತರ ವರ್ಷಗಳ ಆಯ್ಕೆಯಿಂದ ಇಂದಿನ ರೂಪಗಳು ಬಂದಿವೆ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಲೋಕದ ಮುಂದಿಟ್ಟ ತತ್ತ್ವವಿದು.

ಪ್ರತಿಯೊಂದು ಉಳಿತಾಯಕ್ಕೂ ಬೆಲೆಯುಂಟೆಂಬುದನ್ನೂ ಮರೆಯಬಾರದು. ಕಳ್ಳಿಯು ನೀರನ್ನು ಬಹಳ ಉಳಿಸುತ್ತದೆ, ಆದರೆ ಬಹಳ ನಿಧಾನವಾಗಿ ಬೆಳೆಯುತ್ತದೆ. ತೇಗವು ಎಲೆಯುದುರಿಸಿದ ತಿಂಗಳುಗಳಲ್ಲಿ ಆಹಾರವನ್ನು ಮಾಡಲಾರದು. ಬದುಕುವುದಕ್ಕೂ ಬೆಳೆಯುವುದಕ್ಕೂ ನಡುವೆ ಒಂದು ಸಮತೂಕವನ್ನು ಪ್ರತಿಯೊಂದು ಜೀವಿಯೂ ಕಾಯಬೇಕಾಗಿದೆ.

ಈ ಸಮತೂಕವನ್ನು ಸೊಗಸಾಗಿ ಸಾಧಿಸಿರುವ ಗಿಡವೊಂದನ್ನು ನಾವು ದಿನವೂ ಉಣ್ಣುತ್ತೇವೆ. ವಿಜಯಪುರ, ಕಲಬುರಗಿಯ ಕಡೆಯ ಕರಿನೆಲದಲ್ಲಿ ಹಿಂಗಾರಿ ಬಿಳಿಜೋಳವನ್ನು ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ. ಮುಂದೆ ಅದು ಬೆಳೆಯುವುದು ಬಹುಪಾಲು ಭೂಮಿಯೊಳಗೆ ಉಳಿದ ತೇವದಿಂದಲೇ. ಜೋಳದ ದಂಟಿನ ಮೇಲೂ ಎಲೆಯ ಮೇಲೂ ಬೆರಳಿಗೆ ಹತ್ತುವ ಬಿಳಿಯ ಪುಡಿಯುಂಟು, ಅದು ಮೇಣ. ನೀರು ಸಾಲದಾದಾಗ ಎಲೆಯು ಸುರುಳಿ ಸುತ್ತಿಕೊಂಡು ತನ್ನ ಮೇಲ್ಮೈಯನ್ನು ಕಿರಿದುಮಾಡಿಕೊಳ್ಳುತ್ತದೆ. ಬೇರುಗಳು ಆಳಕ್ಕೆ ಇಳಿಯುತ್ತವೆ. ಬರ ಬಿದ್ದರೆ ಬೆಳವಣಿಗೆಯನ್ನು ನಿಲ್ಲಿಸಿ ಕಾಯುತ್ತದೆ. ತೇವ ದೊರೆತರೆ ಮತ್ತೆ ಚಿಗುರುತ್ತದೆ. 1910ರ ದಶಕದಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಜ್ ಎಂಬ ವಿಜ್ಞಾನಿಗಳು ಯಾವ ಬೆಳೆಗೆ ಎಷ್ಟು ನೀರು ಬೇಕೆಂದು ತೂಗಿ ನೋಡಿದರು. ಒಂದು ಕಿಲೋ ಒಣಪದಾರ್ಥವನ್ನು ಬೆಳೆಸಲು ಬತ್ತದ ಗಿಡಕ್ಕೆ ಸುಮಾರು 700 ಕಿಲೋ, ಗೋಧಿಗೆ ಸುಮಾರು 500 ಕಿಲೋ, ಜೋಳಕ್ಕೆ 300 ಕಿಲೋಗಿಂತ ತುಸು ಹೆಚ್ಚು ನೀರು ಖರ್ಚಾಯಿತು. ವಿಜಯಪುರದಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅಲ್ಲಿಯವರ ಊಟದ ತಟ್ಟೆಗೆ ರೊಟ್ಟಿ ಬಂದುದು ರುಚಿಗಾಗಿ ಮಾತ್ರವಲ್ಲ. ಆ ನೆಲದ ಮಳೆಯೇ ಅದನ್ನು ನಿಶ್ಚಯಿಸಿತು. ಆದರೆ ಜೋಳದ ತಾಳ್ಮೆಗೂ ಮಿತಿಯುಂಟು. 1972ರಂಥ ಬರದಲ್ಲಿ ಜೋಳವೂ ಸೋತಿತು. ಹೊಟ್ಟೆಪಾಡಿಗಾಗಿ ಮಂದಿ ಊರು ಬಿಟ್ಟು ದೂರದ ನಗರಗಳಿಗೆ ಬಂದರು. ನಿಮ್ಮಲ್ಲಿ ಕೆಲವರ ಮನೆತನಗಳು ಈ ಊರಿಗೆ ಬಂದ ಕಥೆಯಲ್ಲಿ ಅಂಥ ಒಂದು ಒಣಗಿದ ಹೊಲವಿರಬಹುದು. ಹಿರಿಯರನ್ನು ಕೇಳಿ ತಿಳಿಯಿರಿ.

ವಿದ್ಯಾರ್ಥಿಗಳೇ, ವಿಜ್ಞಾನವನ್ನು ಓದಿ ನಂಬಿದರೆ ಸಾಲದು, ಮಾಡಿ ನೋಡಬೇಕು. ಎರಡು ಸುಲಭವಾದ ಪ್ರಯೋಗಗಳನ್ನು ಹೇಳುತ್ತೇನೆ. ಒಂದೇ ಅಳತೆಯ ಮೂರು ಅರಳಿ ಎಲೆಗಳನ್ನು ಕಿತ್ತು, ತೊಟ್ಟಿನ ತುದಿಗೆ ವ್ಯಾಸಲೀನ್ ಹಚ್ಚಿರಿ. ಒಂದರ ಮೇಲ್ಮೈಗೆ, ಇನ್ನೊಂದರ ಕೆಳಮೈಗೆ ಅದನ್ನೇ ಬಳಿದು, ಮೂರನೆಯದನ್ನು ಹಾಗೆಯೇ ಬಿಟ್ಟು, ಮೂರನ್ನೂ ನೆರಳಿನಲ್ಲಿ ದಾರಕ್ಕೆ ತೂಗಹಾಕಿರಿ. ಯಾವುದು ಮೊದಲು ಬಾಡುವುದು, ಯಾವುದು ಕೊನೆಯವರೆಗೆ ಹಸಿಯಾಗಿ ಉಳಿಯುವುದು ಎಂಬುದನ್ನು ದಿನವೂ ಬರೆದಿಡಿರಿ. ಪತ್ರರಂಧ್ರಗಳು ಎಲೆಯ ಯಾವ ಮೈಯಲ್ಲಿವೆಯೆಂಬುದನ್ನು ಎಲೆಯೇ ಹೇಳುವುದು. ಎರಡನೆಯದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ಗುರುಗಳ ಎದುರಿಗೆ ಮಾಡಿರಿ. ಕಾಡುಬಸಳೆಯ ಎಲೆಯನ್ನು ಬೆಳಗಿನ ಜಾವ ಒಂದು, ಸಂಜೆ ಒಂದು ಕಿತ್ತು, ಸಮತೂಕ ಮಾಡಿ, ಅರೆದು, ಶೋಧಿಸಿ, ರಸಕ್ಕೆ ಫಿನಾಫ್ತಲೀನ್ ಹಾಕಿ, ತೆಳುವಾದ ಕ್ಷಾರದ್ರಾವಣವನ್ನು ಹನಿಹನಿಯಾಗಿ ಬಿಡಿರಿ. ಗುಲಾಬಿ ಬಣ್ಣ ಬರುವುದಕ್ಕೆ ಬೆಳಗಿನ ರಸಕ್ಕೆ ಎಷ್ಟು ಹನಿ, ಸಂಜೆಯದಕ್ಕೆ ಎಷ್ಟು ಎಂದು ಎಣಿಸಿರಿ. ಹೈನನಂತೆ ನಾಲಗೆಯಿಂದ ಪರೀಕ್ಷಿಸಬೇಡಿರಿ; ಆ ಎಲೆಯಲ್ಲಿ ದೇಹಕ್ಕೆ ಒಗ್ಗದ ಪದಾರ್ಥಗಳೂ ಇವೆ. ಎಣಿಸಿದ ಹನಿಗಳ ಲೆಕ್ಕವನ್ನು ಮುಂದಿನ ವರ್ಷದ ಸಂಚಿಕೆಗೆ ಬರೆದು ಕಳುಹಿಸಿದರೆ ಅದು ಈ ಲೇಖನಕ್ಕಿಂತ ಬೆಲೆಯುಳ್ಳ ಬರಹವಾಗುವುದು.